46ರಲ್ಲಿ ಕ್ರಾಸ್ ಕಂಟ್ರಿ ಓಡಿದರೆ ತಂಡಕ್ಕೆ ಭಾರ ಆಗ್ತೀನಾ?

ಪ್ರಶ್ನೆ: ನನಗೆ 46 ವರ್ಷ. ಊರು ಸಾಗರದ ಹತ್ತಿರ, ಈಗ ಇರೋದು ಇಂಗ್ಲೆಂಡಿನಲ್ಲಿ. ರಸ್ತೆಯಲ್ಲಿ 10 ಕಿ.ಮೀ. ಓಡಲು 54 ನಿಮಿಷ ಬೇಕು. ನಮ್ಮ ಕ್ಲಬ್‌ನವರು ಚಳಿಗಾಲದ ಕ್ರಾಸ್ ಕಂಟ್ರಿ (ಹುಲ್ಲು, ಕೆಸರು, ಗುಡ್ಡದ ದಾರಿಯ ಓಟ) ಲೀಗ್‌ಗೆ ಹೆಸರು ಕೊಡಿ ಅಂತಿದ್ದಾರೆ. ಎಲ್ಲರಿಗಿಂತ ಹಿಂದೆ ಬಿದ್ದು ತಂಡಕ್ಕೆ ಭಾರ ಆಗ್ತೀನಾ?

ಉತ್ತರ: ಹೆಸರು ಕೊಡಿ ಸರ್. ಹಿಂದೆ ಬೀಳಬಹುದು, ಆದರೆ ಭಾರ ಖಂಡಿತ ಆಗುವುದಿಲ್ಲ. ಯಾಕೆ ಅಂತ ತಿಳಿಯಲು ಅಂಕದ ಲೆಕ್ಕ ನೋಡಬೇಕು.

ಕ್ರಾಸ್ ಕಂಟ್ರಿಯಲ್ಲಿ ನೀವು ಎಷ್ಟನೆಯವರಾಗಿ ಬಂದಿರೋ ಅದೇ ನಿಮ್ಮ ಅಂಕ. ಮೊದಲು ಬಂದವರಿಗೆ 1, ನೂರನೆಯವರಿಗೆ 100. ತಂಡದ ಇಂತಿಷ್ಟು ಜನರ ಅಂಕ ಕೂಡಿಸುತ್ತಾರೆ. ಕಡಿಮೆ ಬಂದ ತಂಡ ಗೆಲ್ಲುತ್ತದೆ. ನಿಮ್ಮ ಲೀಗ್‌ನಲ್ಲಿ ಮಾಸ್ಟರ್ಸ್ (ವಯಸ್ಸಾದವರ ವಿಭಾಗ) ತಂಡಕ್ಕೆ ಮೂವರು ಬೇಕು ಅಂದುಕೊಳ್ಳಿ. ಇಬ್ಬರು ಚುರುಕಿನ ಓಟಗಾರರು ಬಂದು ಮೂರನೆಯವರೇ ಇಲ್ಲದಿದ್ದರೆ ತಂಡ ಪೂರ್ತಿ ಆಗುವುದಿಲ್ಲ. ನೀವು 180ನೆಯವರಾಗಿ ಬಂದರೂ ಆ ಜಾಗ ತುಂಬುತ್ತೀರಿ. ನಿಮ್ಮ ತಂಡದಲ್ಲಿ ನಾಲ್ಕನೆಯವರಾಗಿ ಬಂದು ನಿಮ್ಮ ಅಂಕ ಲೆಕ್ಕಕ್ಕೆ ಸೇರದಿದ್ದರೂ ಕೆಲಸ ಇದೆ. ಇನ್ನೊಂದು ಕ್ಲಬ್ಬಿನ ಮೂರನೆಯವರಿಗಿಂತ ಮುಂದೆ ಬಂದರೆ ಅವರು ಒಂದು ಸ್ಥಾನ ಹಿಂದೆ ಸರಿಯುತ್ತಾರೆ, ಸಾಮಾನ್ಯವಾಗಿ ಅವರ ತಂಡಕ್ಕೆ ಒಂದು ಅಂಕ ಜಾಸ್ತಿ ಆಗುತ್ತದೆ. 180ನೇ ಸ್ಥಾನಕ್ಕೂ ಕೊನೆಯ ಇನ್ನೂರು ಮೀಟರ್‌ನಲ್ಲಿ ಜೋರು ಹಣಾಹಣಿ ನಡೆಯುವುದು ಇದಕ್ಕೇ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು. ರಸ್ತೆ ಓಟದಲ್ಲಿ ಹಿಂದೆ ಇರುವವರ ಓಟ ಅವರಿಗಷ್ಟೇ ಸಂಬಂಧಿಸಿದ್ದು, ಇಲ್ಲಿ ಹಾಗಲ್ಲ.

ವಿಶ್ವ ಮಾಸ್ಟರ್ಸ್ ಅಥ್ಲೆಟಿಕ್ಸ್ ನಿಯಮದಲ್ಲಿ ಮಾಸ್ಟರ್ಸ್ ಶುರುವಾಗುವುದು 35ಕ್ಕೆ. ಆಮೇಲೆ ಐದೈದು ವರ್ಷಕ್ಕೆ ಒಂದು ಗುಂಪು. ಇಂಗ್ಲೆಂಡಿನ ಕೆಲವು ಲೀಗ್‌ಗಳಲ್ಲಿ ಹೆಂಗಸರಿಗೆ 35, ಗಂಡಸರಿಗೆ 40. ಹೇಗೆ ನೋಡಿದರೂ ನೀವು ಮಾಸ್ಟರ್ಸೇ. 25ರ ಹುಡುಗರ ಜೊತೆ ಹೋಲಿಸಿಕೊಳ್ಳಬೇಡಿ.

ಆ 54 ನಿಮಿಷವನ್ನೂ ಮರೆತುಬಿಡಿ. ವಾರವಿಡೀ ಮಳೆ ಬಿದ್ದರೆ ಕ್ರಾಸ್ ಕಂಟ್ರಿಯ ಅದೇ ದಾರಿ ಹಲವು ನಿಮಿಷ ನಿಧಾನವಾಗುತ್ತದೆ. ನೀವು ಮಲೆನಾಡಿನವರು, ಕೆಸರುಗದ್ದೆ ಓಟ ನೋಡಿಯೇ ಇರುತ್ತೀರಿ. ಅಲ್ಲಿ ಉದ್ದ ಹೆಜ್ಜೆ ಹಾಕಿದವರು ಬೀಳುತ್ತಾರೆ, ಪುಟ್ಟ ಹೆಜ್ಜೆಯವರು ದಾಟುತ್ತಾರೆ ಅಲ್ವಾ? ಇಲ್ಲೂ ಅದೇ ಉಪಾಯ. ವ್ಯತ್ಯಾಸ ಏನೆಂದರೆ ಅಲ್ಲಿ ಬರಿಗಾಲು, ಇಲ್ಲಿ ಮೊಳೆ ಇರುವ ಸ್ಪೈಕ್ಸ್ ಶೂ.

ಈ ಶೂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ವಯಸ್ಸಿನವರು ಪೆಟ್ಟು ತಿನ್ನುವುದು ಇಲ್ಲೇ. ಸ್ಪೈಕ್ಸ್‌ನಲ್ಲಿ ಹಿಮ್ಮಡಿಯ ಕೆಳಗೆ ದಪ್ಪ ಮೆತ್ತೆ ಇರುವುದಿಲ್ಲ. ಹಿಮ್ಮಡಿ ಕೆಳಗಿಳಿದಷ್ಟೂ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜಿನ ಮೇಲೆ ಎಳೆತ ಜಾಸ್ತಿ. ನಾನು 44ನೇ ವಯಸ್ಸಿನಲ್ಲಿ ಶುಕ್ರವಾರ ಹೊಸ ಸ್ಪೈಕ್ಸ್ ತಂದು ಶನಿವಾರವೇ ಓಟಕ್ಕೆ ಹಾಕಿದೆ. ಎರಡನೇ ಸುತ್ತಿನಲ್ಲಿ ಮೀನಖಂಡ ಹಿಡಿದುಕೊಂಡಿತು. ಮೂರು ವಾರ ಓಡಲು ಆಗಲಿಲ್ಲ. ನೀವು ಹಾಗೆ ಮಾಡಬೇಡಿ. ಒಂದು ತಿಂಗಳು ಮುಂಚೆಯೇ ತಂದು ಹುಲ್ಲಿನ ಮೇಲೆ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿ, ನಿಧಾನಕ್ಕೆ ಹೆಚ್ಚಿಸಿ. ಮನೆಯಲ್ಲಿ ಮೆಟ್ಟಿಲ ಅಂಚಿನಲ್ಲಿ ಮುಂಗಾಲಿಟ್ಟು ನಿಂತು, ಹಿಮ್ಮಡಿಯನ್ನು ಮೇಲೆತ್ತಿ ನಿಧಾನಕ್ಕೆ ಕೆಳಗಿಳಿಸಿ. ಇದು ದಿನವೂ ಇರಲಿ. ಆಳವಾದ ಕೆಸರಿಗೆ 12 ಅಥವಾ 15 ಮಿ.ಮೀ. ಮೊಳೆ, ಗಟ್ಟಿ ನೆಲಕ್ಕೆ 6 ಅಥವಾ 9 ಸಾಕು. ಲೇಸಿಗೆ ಎರಡು ಗಂಟು ಹಾಕಿ, ಕೆಸರು ಶೂವನ್ನೇ ಕಿತ್ತುಕೊಳ್ಳುತ್ತದೆ.

ಓಟಕ್ಕೆ ಮುಂಚೆ ಒಂದು ಸುತ್ತು ನಡೆದು ದಾರಿ ನೋಡಿಕೊಳ್ಳಿ. 1876ರಲ್ಲಿ ಇಂಗ್ಲೆಂಡಿನ ಮೊದಲ ಕ್ರಾಸ್ ಕಂಟ್ರಿ ಚಾಂಪಿಯನ್‌ಶಿಪ್‌ನಲ್ಲಿ ಓಡಿದ 32 ಜನರೂ ದಾರಿ ತಪ್ಪಿ, ಓಟವನ್ನೇ ರದ್ದು ಮಾಡಿದ್ದರು! ಈಗ ಪಟ್ಟಿ ಕಟ್ಟಿರುತ್ತಾರೆ, ತಪ್ಪುವುದು ಕಷ್ಟ. ಆದರೂ ಏರು ಎಲ್ಲಿದೆ, ದಾರಿ ಎಲ್ಲಿ ಕಿರಿದಾಗುತ್ತದೆ ಅಂತ ಗೊತ್ತಿರಬೇಕು. ಲಂಡನ್ನಿನ ಪಾರ್ಲಿಮೆಂಟ್ ಹಿಲ್‌ನಲ್ಲಿ ಶುರುವಾಗುವುದೇ ಏರಿನಲ್ಲಿ. ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಅಲ್ಲಿ ಉಸಿರು ಕಳೆದುಕೊಂಡರೆ ಮತ್ತೆ ಸಿಗುವುದು ಕಷ್ಟ. ಬದಿಯಲ್ಲಿ ನಿಂತು, ನಿಮ್ಮ ವೇಗದಲ್ಲೇ ಹತ್ತಿ. ಮೇಲೆ ಹೋದಮೇಲೆ ಒಬ್ಬೊಬ್ಬರನ್ನೇ ಹಿಂದೆ ಹಾಕಬಹುದು.

ಶನಿವಾರ ಓಡಿದರೆ ಮುಂದಿನ ಜೋರಿನ ಓಟ ಬುಧವಾರಕ್ಕಿಂತ ಮುಂಚೆ ಬೇಡ. ಇಳಿಜಾರಿನ ನೋವು ತೊಡೆಯಲ್ಲಿ ಎರಡನೇ ದಿನ ಜಾಸ್ತಿ ಕಾಣುತ್ತದೆ. ಓಡುವಾಗ ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಡಾಕ್ಟರ್‌ಗೆ ತೋರಿಸಿ.

ಹೆಸರು ಕೊಡುವಾಗ ಹುಟ್ಟಿದ ದಿನಾಂಕ ಸರಿಯಾಗಿ ಬರೆಸಿ. ಅದು ತಪ್ಪಿದರೆ ನೀವು ಅಷ್ಟು ಕೆಸರು ದಾಟಿ ಬಂದರೂ ಮಾಸ್ಟರ್ಸ್ ಲೆಕ್ಕದಲ್ಲಿ ನಿಮ್ಮ ಹೆಸರು ಇರುವುದಿಲ್ಲ.