ಎಷ್ಟು ಕೀಸಿದರೆ ಗಿಟಾರ್?

ಉಕ್ಕಿನ ತಂತಿ ಹಾಕಿ ಶ್ರುತಿಗೆ ತಂದ ಗಿಟಾರಿನಲ್ಲಿ ಆರೂ ತಂತಿಗಳು ಸೇರಿ ಎಳೆಯುವ ಬಲ ಸುಮಾರು 70 ಕಿಲೋ ಭಾರಕ್ಕೆ ಸಮ. ನುಡಿಸಲಿ, ಗೋಡೆಗೆ ತೂಗುಹಾಕಿರಲಿ, ಆ ಎಳೆತ ಹಗಲೂ ರಾತ್ರಿ ಇದ್ದೇ ಇರುತ್ತದೆ. ಅದನ್ನು ತಡೆದುಕೊಂಡು ನಿಂತಿರುವ ಮೇಲ್ಹಲಗೆಯ ದಪ್ಪ ಎಷ್ಟು ಗೊತ್ತಾ? ಹೆಚ್ಚೂಕಡಿಮೆ 3 ಮಿಲಿಮೀಟರ್. ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ.

ಬೆಳಗಾವಿಯಲ್ಲಿ ಗಿಟಾರ್ ಕಟ್ಟುವುದನ್ನು ಕಲಿಸುವ ಒಂದು ಪುಟ್ಟ ಶೆಡ್ಡಿಗೆ ನಾನು ಕಲಿಯಲು ಸೇರಿದ್ದೆ. ಹೆಸರಿಗೆ ಅದು ಕಟ್ಟುವ ಕೆಲಸ. ಅಲ್ಲಿ ಹೆಚ್ಚು ಹೊತ್ತು ಮಾಡುವುದು ಮಾತ್ರ ಕೀಸುವುದು. ನನ್ನ ಪಕ್ಕದ ಮೇಜಿನಲ್ಲಿ ಗುಳೇದಗುಡ್ಡದ ಕಡೆಯ ಬಡಿಗೇರ ಕಾಕಾ ಇದ್ದರು. ಬಾಗಿಲು, ಚೌಕಟ್ಟು, ತೊಟ್ಟಿಲು ಮಾಡಿ ಪಳಗಿದ ಕೈ. ಮಗಳು ಗಿಟಾರ್ ಕೇಳಿದಳಂತೆ. ಕೊಳ್ಳುವುದೇಕೆ, ಮಾಡಿಯೇ ಕೊಡೋಣ ಎಂದು ಬಂದಿದ್ದರು. ಮೇಲ್ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಬಾಗಿಸಿ ನೋಡಿ, "ಇದು ತಡಿಯಂಗಿಲ್ರಿ ಮಾಸ್ತರ" ಎಂದರು. ಮಾಸ್ತರು ಅದನ್ನು ಬೆರಳಿನಿಂದ ತಟ್ಟಿ ಕೇಳಿಸಿಕೊಂಡು, "ಇನ್ನೂ ತೆಗೀಬೇಕ್ರಿ ಕಾಕಾ, ಇದು ಬಾಳ ದಪ್ಪ ಐತಿ" ಎಂದರು.

ಇಬ್ಬರ ಮಾತೂ ಸರಿಯೇ. ತಂತಿ ಒಂದೇ ಕಂಪಿಸಿದರೆ ನಮಗೆ ಕೇಳುವುದು ತೀರಾ ಕಡಿಮೆ. ಅದು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ತಳ್ಳುವುದಿಲ್ಲ. ತಂತಿಯ ಅಲುಗಾಟ ಬ್ರಿಡ್ಜ್ ಮೂಲಕ, ಅಂದರೆ ವೀಣೆಯವರು ಕುದುರೆ ಅನ್ನುವ ಭಾಗದ ಮೂಲಕ, ಹಲಗೆಗೆ ದಾಟಬೇಕು. ಹಲಗೆಗೆ ಅಗಲ ಇದೆ. ಅದು ಅಲುಗಿದರೆ ಬೇಕಾದಷ್ಟು ಗಾಳಿ ಅಲುಗುತ್ತದೆ. ಆದರೆ ತಂತಿಯಲ್ಲಿರುವ ಶಕ್ತಿ ಅಲ್ಪ. ಭಾರದ, ಬಿಗಿಯಾದ ಹಲಗೆಯನ್ನು ಅಲುಗಿಸುವ ತಾಕತ್ತು ಅದಕ್ಕಿಲ್ಲ. ದಪ್ಪ ಇಟ್ಟರೆ ಗಿಟಾರ್ ಗಟ್ಟಿಮುಟ್ಟು, ಆದರೆ ಮೂಕ. ತೀರಾ ಕೀಸಿದರೆ ಒಳ್ಳೆ ಗಂಟಲು, ಆದರೆ ಬ್ರಿಡ್ಜಿನ ಹಿಂದೆ ಹಲಗೆ ಉಬ್ಬಿ, ಮುಂದೆ ಕುಸಿದು, ಕೆಲವೇ ವರ್ಷಗಳಲ್ಲಿ ಕಥೆ ಮುಗಿಯುತ್ತದೆ. ಒಳ್ಳೆಯ ಗಿಟಾರ್ ಈ ಎರಡರ ನಡುವೆ, ಮುರಿಯುವ ಅಂಚಿಗೆ ಆದಷ್ಟು ಹತ್ತಿರದಲ್ಲಿ ಇರುತ್ತದೆ.

ಆ ಅಂಚು ಹುಡುಕುವುದು ಯಾಕೆ ಕಷ್ಟ ಅಂದರೆ, ಹಲಗೆಯ ಬಿಗಿತನ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 3 ಮಿಲಿಮೀಟರ್ ಹಲಗೆಯನ್ನು 2.7ಕ್ಕೆ ಇಳಿಸಿದರೆ ತೂಕ ಇಳಿಯುವುದು ಶೇ. 10, ಬಿಗಿತನ ಇಳಿಯುವುದು ಶೇ. 27. ಅದನ್ನೇ 2.5ಕ್ಕೆ ತಂದರೆ ಶೇ. 42ರಷ್ಟು ಬಿಗಿತನ ಹೋಯಿತು! ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತೇ ಆಗದಷ್ಟು ಸಣ್ಣ ಕೀಸು ಅದು. ಹಾಗಾಗಿ ಕೊನೆಯ ಹಂತದಲ್ಲಿ ಎರಡು ಸಲ ರಂದಾ ಆಡಿಸಿ, ಅಳೆದು, ತಟ್ಟಿ, ಬಾಗಿಸಿ, ಮತ್ತೆ ಅಳೆಯುತ್ತಾರೆ. ಕೀಸಿದ್ದನ್ನು ವಾಪಸ್ ಅಂಟಿಸಲು ಬರುವುದಿಲ್ಲವಲ್ಲ.

ಇದಕ್ಕಾಗಿಯೇ ಮೇಲ್ಹಲಗೆಗೆ ಹೆಚ್ಚಾಗಿ ಸ್ಪ್ರೂಸ್ ಮರ. ತಂಪು ನಾಡುಗಳಲ್ಲಿ ನಿಧಾನ ಬೆಳೆಯುವ ಸೂಚಿಪರ್ಣಿ ಇದು. ಘನ ಮೀಟರಿಗೆ 400ರಿಂದ 450 ಕಿಲೋ ತೂಗುತ್ತದೆ. ನಮ್ಮ ಸಾಗವಾನಿ 650ರ ಆಸುಪಾಸು, ಬೀಟೆ 800 ದಾಟುತ್ತದೆ. ಇಷ್ಟು ಹಗುರವಿದ್ದೂ ಎಳೆಯ, ಅಂದರೆ ಮರದ ನಾರಿನ, ಉದ್ದಕ್ಕೆ ಸ್ಪ್ರೂಸ್ ಹೆಚ್ಚೂಕಡಿಮೆ ಸಾಗವಾನಿಯಷ್ಟೇ ಬಿಗಿ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಸದ್ದು, ಸ್ಪ್ರೂಸಿನ ಎಳೆಗುಂಟ 5,000 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಎಳೆಗೆ ಅಡ್ಡಲಾಗಿ ಮಾತ್ರ ಈ ಮರ ಬಹಳ ಮೆತ್ತಗೆ. ಅದಕ್ಕೇ ಹಲಗೆಯ ಅಂಚಿನಲ್ಲಿ ವಾರ್ಷಿಕ ಉಂಗುರಗಳು ನೆಟ್ಟಗೆ ನಿಂತಂತೆ ಕಾಣುವ ಹಾಗೆ ದಿಮ್ಮಿ ಸೀಳುತ್ತಾರೆ. ಹೀಗೆ ಸೀಳಿದರೆ ಅಡ್ಡ ಬಿಗಿತನ ಜಾಸ್ತಿ, ಮಳೆ–ಬಿಸಿಲಿಗೆ ಹಿಗ್ಗುವುದು ಕುಗ್ಗುವುದು ಕಡಿಮೆ. ಒಂದೇ ತುಂಡನ್ನು ಎರಡು ಹಾಳೆಯಾಗಿ ಸೀಳಿ, ಪುಸ್ತಕ ತೆರೆದಂತೆ ಬಿಚ್ಚಿ, ನಡುವೆ ಅಂಟಿಸುತ್ತಾರೆ.

ಬರೀ ಹಲಗೆ ಸಾಲದು. ಒಳಗಡೆ ಪಟ್ಟಿಗಳ ಆಸರೆ ಬೇಕು. ಉಕ್ಕಿನ ತಂತಿಯ ಗಿಟಾರಿನಲ್ಲಿ ಎರಡು ಮುಖ್ಯ ಪಟ್ಟಿಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗುತ್ತವೆ. ಅಮೆರಿಕದಲ್ಲಿ 1840ರ ದಶಕದಲ್ಲಿ ಬಳಕೆಗೆ ಬಂದ ಈ ವಿನ್ಯಾಸ ಇಂದಿಗೂ ನಡೆಯುತ್ತಿದೆ. ಘನದ ಲೆಕ್ಕ ಇಲ್ಲಿ ನಮ್ಮ ಪರ ಕೆಲಸ ಮಾಡುತ್ತದೆ. ಪಟ್ಟಿಯ ಎತ್ತರ ಎರಡು ಪಟ್ಟು ಮಾಡಿದರೆ ತೂಕ ಎರಡು ಪಟ್ಟು, ಬಿಗಿತನ ಎಂಟು ಪಟ್ಟು. ಅದಕ್ಕೇ ಪಟ್ಟಿಗಳು ಕಿರಿದು, ಎತ್ತರ. ಅವನ್ನೂ ಆಮೇಲೆ ಉಳಿ ಹಿಡಿದು ಕೆತ್ತಿ ಕೆತ್ತಿ ಇಳಿಸುತ್ತಾರೆ. ತುದಿಗಳು ಮೊಂಡಾಗಿದ್ದರೆ ಹಲಗೆಯ ಅಂಚು ಅಲುಗದು.

ಗಿಟಾರಿನ ದನಿ ನಿಜಕ್ಕೂ ಈ ಮೇಲ್ಹಲಗೆಯದೇನಾ, ಬೆನ್ನಿನ ಮರಕ್ಕೆ ಪಾಲಿಲ್ಲವಾ? ಸ್ಪೇನಿನ ಆಂಟೋನಿಯೊ ದೆ ತೊರೆಸ್ ಇದನ್ನು ಮಾಡಿಯೇ ತೋರಿಸಿದ. ಇವತ್ತಿನ ಕ್ಲಾಸಿಕಲ್ ಗಿಟಾರಿನ ಅಳತೆ, ಆಕಾರಕ್ಕೆ ನೆಲೆ ಹಾಕಿದವನು ಆತ. 1862ರಲ್ಲಿ ಬೆನ್ನು, ಪಕ್ಕೆ ಎರಡನ್ನೂ ರಟ್ಟಿನಲ್ಲಿ ಮಾಡಿ, ಮೇಲ್ಹಲಗೆ ಮಾತ್ರ ಸ್ಪ್ರೂಸಿನದು ಹಾಕಿ ಒಂದು ಗಿಟಾರ್ ಕಟ್ಟಿದ. ಆ ವಾದ್ಯ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಬೀಟೆ ಮರದ ಬೆನ್ನು ಅಂತ ಹೇಳಿ ಅಂಗಡಿಯಲ್ಲಿ ದುಪ್ಪಟ್ಟು ಬೆಲೆ ಹೇಳುವಾಗ ಈ ರಟ್ಟಿನ ಗಿಟಾರನ್ನು ಒಮ್ಮೆ ನೆನಪಿಸಿಕೊಳ್ಳಿ. ಬೆನ್ನಿಗೆ ಪಾಲಿಲ್ಲ ಅಂತಲ್ಲ. ಮೇಲ್ಹಲಗೆಯ ಮುಂದೆ ಅದು ಸಣ್ಣ ಪಾಲು.

ಕೀಸಿದ್ದು ಎಲ್ಲಿಗೆ ಬಂತು ಅಂತ ನೋಡಲು ಚಹಾಪುಡಿ ಬಳಸುತ್ತಾರೆ. ಸುಮ್ನೆ ಹೇಳುತ್ತಿಲ್ಲ. ಹಲಗೆಯ ಮೇಲೆ ಪುಡಿ ಉದುರಿಸಿ, ಕೆಳಗೆ ಒಂದು ಸಣ್ಣ ಸ್ಪೀಕರ್ ಇಟ್ಟು, ಫೋನಿನಿಂದ ಒಂದೇ ಸ್ವರ ಕೊಡಬೇಕು. ಸ್ವರವನ್ನು ನಿಧಾನ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಪುಡಿ ಕುಣಿದು, ಸರಿದು, ಗೆರೆಗಳಾಗಿ ನಿಲ್ಲುತ್ತದೆ. ಅಲುಗುವ ಜಾಗದಿಂದ ಹಾರಿ, ಅಲುಗದ ಜಾಗದಲ್ಲಿ ಸೇರಿಕೊಳ್ಳುತ್ತದೆ. ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ 1787ರಲ್ಲೇ ಲೋಹದ ತಗಡಿನ ಮೇಲೆ ಮರಳು ಹಾಕಿ ಇಂಥ ಚಿತ್ರಗಳನ್ನು ಪ್ರಕಟಿಸಿದ್ದ. ಅವು ಯಾಕೆ ಹಾಗೆ ಮೂಡುತ್ತವೆ ಎಂಬ ಗಣಿತಕ್ಕೆ ಪ್ಯಾರಿಸ್ಸಿನಲ್ಲಿ ಬಹುಮಾನ ಇಟ್ಟರು. 1816ರಲ್ಲಿ ಅದನ್ನು ಗೆದ್ದವಳು ಸೋಫಿ ಜರ್ಮೇನ್. ನಮ್ಮ ಶೆಡ್ಡಿನಲ್ಲಿ ಗೆರೆ ಒಂದು ಕಡೆ ವಾಲಿದರೆ ಮಾಸ್ತರು ಆ ಬದಿಯ ಪಟ್ಟಿಗೆ ಪೆನ್ಸಿಲ್ ಗುರುತು ಹಾಕುತ್ತಿದ್ದರು. ಅಲ್ಲಿ ಇನ್ನೊಂದಿಷ್ಟು ಕೆತ್ತಬೇಕು.

ವಿಜಯಪುರದವರು ಗಿಟಾರಿನ ಡಬ್ಬಿಯನ್ನು ನೋಡಿ ಗೋಳಗುಮ್ಮಟ ನೆನೆಸಿಕೊಂಡರೆ ತಪ್ಪಿಲ್ಲ. ಆದರೆ ಎರಡರ ಕೆಲಸ ಬೇರೆ. ಗುಮ್ಮಟದ ಒಳಗಿನ ಅಡ್ಡಗಲ ಸುಮಾರು 38 ಮೀಟರ್. ಸದ್ದು ಆಚೆ ಹೋಗಿ ಈಚೆ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಅದಕ್ಕೇ ಪ್ರತಿಧ್ವನಿ ಬಿಡಿಬಿಡಿಯಾಗಿ ಕೇಳುತ್ತದೆ. ಗಿಟಾರಿನ ಮಂದ್ರ ಸ್ವರದ ಅಲೆಯೇ 3–4 ಮೀಟರ್ ಉದ್ದ, ಡಬ್ಬಿ ಅರ್ಧ ಮೀಟರ್. ಅಲ್ಲಿ ಪ್ರತಿಧ್ವನಿಗೆ ಜಾಗವೇ ಇಲ್ಲ. ಒಳಗಿನ ಗಾಳಿ ಒಟ್ಟಾಗಿ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ 'ಬೂಂ' ಎನ್ನುತ್ತದಲ್ಲ, ಅದೇ ವಿದ್ಯೆ. ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿಯ ಹೆಸರು ಇದಕ್ಕಿದೆ. ಗಿಟಾರಿನಲ್ಲಿ ಇದು ಸೆಕೆಂಡಿಗೆ ಸುಮಾರು 100 ಕಂಪನದ ಹತ್ತಿರ, ಮೇಲ್ಹಲಗೆಯ ಮೊದಲ ದೊಡ್ಡ ಅಲುಗಾಟ 200ರ ಹತ್ತಿರ. ಇವೆರಡರ ನಡುವೆ ಹೊಂದಾಣಿಕೆ ಸರಿ ಕೂತರೆ ಮಂದ್ರ ತಂತಿಗಳಿಗೆ ತುಂಬು ದನಿ ಬರುತ್ತದೆ.

ಪಕ್ಕೆ ಬಾಗಿಸುವುದು ನೋಡಲು ಜಾದೂ, ಮಾಡಲು ತಾಳ್ಮೆಯ ಕೆಲಸ. 2 ಮಿಲಿಮೀಟರಿನ ಪಟ್ಟಿಯನ್ನು ಒದ್ದೆ ಮಾಡಿ ಕಾದ ಕೊಳವೆಗೆ ಒತ್ತಿದರೆ ಮರದ ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಮೆತ್ತಗಾಗುತ್ತದೆ. ತಣ್ಣಗಾದಾಗ ಬಾಗಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಅವಸರ ಮಾಡಿದರೆ 'ಟಪ್' ಅನ್ನುತ್ತದೆ.

ಫ್ರೆಟ್ಟುಗಳ, ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸುವ ಲೋಹದ ಪಟ್ಟಿಗಳ, ಲೆಕ್ಕ ನನಗೆ ಇಷ್ಟ. ತಂತಿಯ ಉದ್ದ 650 ಮಿಲಿಮೀಟರ್ ಅಂದುಕೊಳ್ಳಿ. ಅದನ್ನು 17.817ರಿಂದ ಭಾಗಿಸಿದರೆ 36.5. ತಂತಿಯ ಮೇಲ್ತುದಿಯಿಂದ ಅಷ್ಟು ಮಿಲಿಮೀಟರ್ ದೂರಕ್ಕೆ ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ 12ನೆಯದು ಕರಾರುವಾಕ್ಕಾಗಿ ಅರ್ಧಕ್ಕೆ, 325ಕ್ಕೆ ಬರುತ್ತದೆ. ಗೆಲಿಲಿಯೊನ ಅಪ್ಪ ವಿಂಚೆಂಜೊ ಗೆಲಿಲಿ 1581ರಲ್ಲಿ ಲ್ಯೂಟ್ ವಾದ್ಯಕ್ಕೆ 18ರಿಂದ ಭಾಗಿಸಿ ಎಂದಿದ್ದ. ಹಾಗೆ ಮಾಡಿದರೆ 12ನೆಯದು ಅರ್ಧಕ್ಕಿಂತ ಸುಮಾರು 2.4 ಮಿಲಿಮೀಟರಿನಷ್ಟು ಹಿಂದೆಯೇ ನಿಲ್ಲುತ್ತದೆ. ಆದರೂ ಅದು ಅಷ್ಟು ಕೆಟ್ಟ ಲೆಕ್ಕವಲ್ಲ. ತಂತಿ ಒತ್ತಿದಾಗ ಸ್ವಲ್ಪ ಬಿಗಿಯಾಗಿ ಸ್ವರ ಏರುತ್ತದೆ, ಆ ಏರಿಕೆಯನ್ನು ಇದು ಒಂದಿಷ್ಟು ಸರಿದೂಗಿಸುತ್ತದೆ. ಹೀಗೆ ಸಮನಾಗಿ ಹಂಚಿದ ಸ್ವರಗಳಲ್ಲಿ ಗಾಂಧಾರ ಸಹಜ ಜಾಗಕ್ಕಿಂತ ಚೂರು ಮೇಲೆ ಬೀಳುತ್ತದೆ. ನಮ್ಮ ಕಡೆಯ ಹಿಂದೂಸ್ತಾನಿ ಕಿವಿಗಳಿಗೆ ಅದು ಚುಚ್ಚುವುದು ಸಹಜ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ದೂರ ಇಟ್ಟಿದ್ದಕ್ಕೆ ಇಂಥ ತಕರಾರೂ ಒಂದು ಕಾರಣ. ಸಿತಾರಿನ ಫ್ರೆಟ್ಟುಗಳನ್ನು ದಾರದಿಂದ ಕಟ್ಟಿರುತ್ತಾರೆ, ಬೇಕಾದಂತೆ ಸರಿಸಬಹುದು. ಗಿಟಾರಿನಲ್ಲಿ ಬಡಿದು ಕೂರಿಸಿದರೆ ಮುಗಿಯಿತು.

ಇಷ್ಟೆಲ್ಲ ಲೆಕ್ಕವನ್ನು ನಮ್ಮ ಹವೆ ಬುಡಮೇಲು ಮಾಡಬಲ್ಲದು. ಮರ ಒಣಗಿದ್ದರೂ ಗಾಳಿಯ ತೇವವನ್ನು ಹೀರುತ್ತಾ, ಬಿಡುತ್ತಾ ಇರುತ್ತದೆ. ಬೆಳಗಾವಿಯ ಮಳೆಗಾಲದ ಗಾಳಿಯಲ್ಲಿ ಮರದ ತೇವ ಶೇ. 15 ದಾಟಬಹುದು. ಅದೇ ಮರ ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಶೇ. 6ರ ಹತ್ತಿರ ಇಳಿಯುತ್ತದೆ. ಸ್ಪ್ರೂಸ್ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ. 40 ಸೆಂಟಿಮೀಟರ್ ಅಗಲದ ಹಲಗೆ ಇಷ್ಟು ತೇವ ಕಳೆದುಕೊಂಡರೆ ಸುಮಾರು 5 ಮಿಲಿಮೀಟರ್ ಕಿರಿದಾಗಲು ನೋಡುತ್ತದೆ. ಒಳಗಿನ ಪಟ್ಟಿಗಳ ಎಳೆ ಅಡ್ಡ ಇರುವುದರಿಂದ ಅವು ಕುಗ್ಗುವುದಿಲ್ಲ, ಹಲಗೆಯನ್ನೂ ಕುಗ್ಗಲು ಬಿಡುವುದಿಲ್ಲ. ಆಗ ಹಲಗೆ ಎಳೆಗುಂಟ ಸೀಳುತ್ತದೆ.

ಇದನ್ನು ಕಾಕಾಗೆ ಯಾರೂ ವಿವರಿಸಬೇಕಾಗಿರಲಿಲ್ಲ. "ಬಾಗಲದ ಹಲಗಿಗೆ ನಾವು ಅಂಟ ಹಚ್ಚಂಗೇ ಇಲ್ರಿ, ತೋಡಿನ್ಯಾಗ ಸಡಿಲ ಬಿಡ್ತೀವಿ" ಎಂದರು. ಹಲಗೆ ಚೌಕಟ್ಟಿನೊಳಗೆ ತನ್ನ ಪಾಡಿಗೆ ಹಿಗ್ಗಿ ಕುಗ್ಗಲಿ ಎಂದು. ಗಿಟಾರಿನ ಹಲಗೆಯನ್ನು ಹಾಗೆ ಸಡಿಲ ಬಿಡಲು ಬರುವುದಿಲ್ಲ. ಅದಕ್ಕೆ ಎರಡು ಉಪಾಯ. ಪಟ್ಟಿ ಅಂಟಿಸುವ ಕೋಣೆಯ ಗಾಳಿಯ ಸಾಪೇಕ್ಷ ತೇವವನ್ನು ಶೇ. 45ರಿಂದ 50ರಲ್ಲಿ ಹಿಡಿದಿಡುವುದು ಒಂದು. ಹೊರಗೆ ಧೋ ಅಂತ ಮಳೆ ಸುರಿಯುವಾಗ ಆ ಕೋಣೆಯ ಬಾಗಿಲು ತೆರೆದವರಿಗೆ ಮಾಸ್ತರರಿಂದ ಬೈಗುಳ ಖಚಿತ. ಇನ್ನೊಂದು, ಹಲಗೆಗೆ ಕಣ್ಣಿಗೆ ಕಾಣದಷ್ಟು ಉಬ್ಬು ಕೊಡುವುದು. ಸಪಾಟಾಗಿ ಕಾಣುವ ಮೇಲ್ಹಲಗೆ ನಿಜವಾಗಿ 8–9 ಮೀಟರ್ ತ್ರಿಜ್ಯದ ಗೋಳದ ಒಂದು ಚೂರು. ಒಣಗಿದಾಗ ಆ ಉಬ್ಬು ಇಳಿದು ಹಲಗೆಗೆ ಸ್ವಲ್ಪ ಸಡಿಲ ಸಿಗುತ್ತದೆ, ಬಿರುಕು ತಪ್ಪುತ್ತದೆ. ಬೇಸಿಗೆಯಲ್ಲಿ ಉತ್ತರ ಕರ್ನಾಟಕದ ಒಣ ಊರುಗಳಲ್ಲಿ ಗಿಟಾರ್ ಇಟ್ಟುಕೊಂಡವರು ಅದನ್ನು ಪೆಟ್ಟಿಗೆಯೊಳಗೆ ಒದ್ದೆ ಸ್ಪಂಜಿನ ಡಬ್ಬಿಯ ಜೊತೆ ಇಡುವುದು ಒಳ್ಳೆಯದು.

ಮರದ ವಾದ್ಯದ ಕಸುಬು ಈ ಸೀಮೆಗೆ ಹೊಸದಲ್ಲ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾ ತನ್ನ ತಂಬೂರಿಗೆ ಮೋತಿಖಾನ ಎಂದು ಹೆಸರನ್ನೇ ಇಟ್ಟಿದ್ದ. ಬೆಳಗಾವಿಯಿಂದ ರೈಲು ಹತ್ತಿದರೆ ಸಿಗುವ ಮಿರಜದ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಇಲ್ಲಿ ಗಿಟಾರ್ ಕಟ್ಟಲು ಕೈಗಳಿಗೆ ಬರವಿಲ್ಲ ಎಂಬುದು ನನ್ನ ಅನಿಸಿಕೆ.

ಬರ ಇರುವುದು ಮರಕ್ಕೆ. ಬೀಟೆಯ ಕುಲದ್ದೇ ಆದ ಬ್ರೆಜಿಲ್ಲಿನ ರೋಸ್‌ವುಡ್ ವ್ಯಾಪಾರ 1992ರಿಂದ ಅಂತರರಾಷ್ಟ್ರೀಯ ಒಪ್ಪಂದದಡಿ ಹೆಚ್ಚೂಕಡಿಮೆ ಬಂದ್. ಅದಕ್ಕೂ ಮೊದಲೇ, 1969ರಲ್ಲಿ, ಅಮೆರಿಕದ ಮಾರ್ಟಿನ್ ಕಂಪನಿ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆಯ ಕಡೆ ತಿರುಗಿತ್ತು. 2017ರಿಂದ ಬೀಟೆಯ ಇಡೀ ಕುಲಕ್ಕೇ ಗಡಿ ದಾಟಲು ಕಾಗದಪತ್ರ ಬೇಕಾಯಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಕೊಟ್ಟರು.

ಕಾಕಾ ಬೀಟೆಯ ಗೊಡವೆಗೇ ಹೋಗಲಿಲ್ಲ. ತೊರೆಸನ ರಟ್ಟಿನ ಗಿಟಾರಿನ ಕಥೆ ಕೇಳಿದ್ದೇ ತಡ, ಊರಿನಲ್ಲಿ ಬಿಚ್ಚಿಟ್ಟ ಹಳೇ ಬಾಗಿಲಿನ ಸಾಗವಾನಿ ಹಲಗೆ ತಂದರು. ಮಾಸ್ತರು ಒಪ್ಪಿದರು. ಹಳೆಯ ಮರ ತೇವಕ್ಕೆ ಅಷ್ಟಾಗಿ ಕುಣಿಯುವುದಿಲ್ಲ ಎಂಬುದು ಅವರ ಲೆಕ್ಕ. ಸಾಗವಾನಿಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮೊದಲು ಸ್ಪಿರಿಟ್ಟಿನಿಂದ ಒರೆಸಬೇಕು. ಮೊಳೆ ಹೊಡೆದಿದ್ದ ತೂತುಗಳು ಗಿಟಾರಿನ ಸೊಂಟದ ತಗ್ಗಿನ ಕಡೆ ಬಂದರೆ, ಅಲ್ಲಿ ಹಲಗೆ ಹೇಗೂ ಕತ್ತರಿಸಿ ಹೋಗುತ್ತದೆ. ಮೇಲ್ಹಲಗೆ ಮಾತ್ರ ಸ್ಪ್ರೂಸಿನದೇ. ಅದನ್ನು ಅವರು ಕೊನೆಗೂ 2.8ಕ್ಕೆ ನಿಲ್ಲಿಸಿದರು. ಮಾಸ್ತರು 2.6 ಹೇಳಿದ್ದರು.