ಉದ್ಘಾಟನೆಯ ಮರುದಿನದಿಂದ ಶುರುವಾಗುವ ಖರ್ಚು

ಸಂಸ್ಕೃತಿ ಮತ್ತು ಕ್ರೀಡೆಗೆ ಬರುವ ಸರ್ಕಾರಿ ಅನುದಾನದ ಕಡತ ಓದುವುದು ನನ್ನ ವೃತ್ತಿ. ಮ್ಯೂಸಿಯಂ, ರಂಗಮಂದಿರ, ಕ್ರೀಡಾಂಗಣ, ಹಳೆಯ ಕಟ್ಟಡದ ದುರಸ್ತಿ, ಯಾವುದೇ ಬಂದರೂ ನಾನು ಮೊದಲು ತೆರೆಯುವುದು ಕೊನೆಯ ಪುಟಗಳನ್ನು. ಮುಂದಿನ ಪುಟಗಳಲ್ಲಿ ನಕ್ಷೆ ಇರುತ್ತದೆ, ಬಣ್ಣದ ಚಿತ್ರ ಇರುತ್ತದೆ, ವರ್ಷಕ್ಕೆ ಎಷ್ಟು ಜನ ಬರುತ್ತಾರೆ ಎಂಬ ಅಂದಾಜು ಇರುತ್ತದೆ. ಅದೆಲ್ಲ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ನನಗೆ ಬೇಕಾದದ್ದು ಬೇರೆ. ಬಾಗಿಲು ತೆರೆದ ಮೂರನೇ ವರ್ಷ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಕಾವಲುಗಾರರ ಸಂಬಳ ಯಾವ ಖಾತೆಯಿಂದ? ಚಾವಣಿ ಸೋರಿದರೆ ಯಾರಿಗೆ ಹೇಳಬೇಕು? ಇದಕ್ಕೆಲ್ಲ ಉತ್ತರ ಅರ್ಧ ಪುಟದಲ್ಲಿ ಮುಗಿದಿದ್ದರೆ ನನಗೆ ಆತಂಕ ಶುರುವಾಗುತ್ತದೆ.

ಸರ್ಕಾರದ ಹಣದಲ್ಲಿ ಎರಡು ಬಗೆ. ಒಂದು ಬಂಡವಾಳ ವೆಚ್ಚ: ಕಟ್ಟುವುದು, ಕೊಳ್ಳುವುದು, ಹೊಸದಾಗಿ ಮಾಡುವುದು. ಇನ್ನೊಂದು ನಡೆಸುವ ವೆಚ್ಚ: ಸಂಬಳ, ಬಿಲ್ಲು, ದುರಸ್ತಿ, ತರಬೇತಿ. ಮೊದಲನೆಯದು ಸಿಗುವುದು ಸುಲಭ. ಅದಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರು ಇದೆ. ಎರಡನೆಯದಕ್ಕೆ ಇವ್ಯಾವುವೂ ಇಲ್ಲ. ಈ ವರ್ಷ ಚಾವಣಿ ಸೋರಲಿಲ್ಲ ಎಂದು ಯಾರೂ ಸಮಾರಂಭ ಮಾಡುವುದಿಲ್ಲ ಅಲ್ವಾ?

ಹಣಕಾಸು ಇಲಾಖೆಗಳನ್ನು ಸುಮ್ನೆ ಬೈಯುವುದು ಸರಿಯಲ್ಲ. ಅವರ ಭಯಕ್ಕೂ ಕಾರಣ ಇದೆ. ಕಟ್ಟಡಕ್ಕೆ ಕೊಟ್ಟ ಹಣ ಒಂದು ದಿನ ಮುಗಿಯುತ್ತದೆ. ಸಂಬಳಕ್ಕೆ ಒಪ್ಪಿದರೆ ಅದು ಮುಗಿಯುವುದೇ ಇಲ್ಲ, ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಬೆಳೆಯುತ್ತದೆ. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಆದರೆ ನಡೆಸುವ ಹಣ ಇಲ್ಲದ ಯೋಜನೆಗೆ ಕಟ್ಟುವ ಹಣ ಕೊಡುವುದು ಹಸು ಕೊಡಿಸಿ ಮೇವಿಗೆ ಕೈಯೆತ್ತಿದ ಹಾಗೆ.

ಬ್ರಿಟನ್ನಿನ ಶೆಫೀಲ್ಡ್ ನಗರದ ಉದಾಹರಣೆಯನ್ನು ನಾನು ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಯಾವಾಗಲೂ ಹೇಳುತ್ತೇನೆ. ಅಲ್ಲಿ 1994ರಲ್ಲಿ ರಾಷ್ಟ್ರೀಯ ಲಾಟರಿ ಶುರುವಾಯಿತು. ಟಿಕೆಟ್ ಮಾರಿದ ಹಣದ ಒಂದು ಪಾಲು ಕಲೆ, ಕ್ರೀಡೆ ಮತ್ತು ಪರಂಪರೆಗೆ ಹೋಗಬೇಕು ಎಂದು ಕಾನೂನಾಯಿತು. ಆರಂಭದ ವರ್ಷಗಳಲ್ಲಿ ಕಲೆಯ ಪಾಲು ಹೆಚ್ಚಾಗಿ ಕಟ್ಟಡಗಳಿಗೇ ಹೋಯಿತು. ಶೆಫೀಲ್ಡಿನಲ್ಲಿ ಜನಪ್ರಿಯ ಸಂಗೀತಕ್ಕೆ ಎಂದೇ ಒಂದು ರಾಷ್ಟ್ರೀಯ ಕೇಂದ್ರ ಎದ್ದಿತು. ಖರ್ಚು ಸುಮಾರು 1.5 ಕೋಟಿ ಪೌಂಡ್. ಅದರಲ್ಲಿ 1.1 ಕೋಟಿ ಲಾಟರಿಯದು. ವರ್ಷಕ್ಕೆ 4 ಲಕ್ಷ ಜನ ಬರುತ್ತಾರೆ, ಟಿಕೆಟ್ ಹಣದಲ್ಲೇ ಕೇಂದ್ರ ನಡೆಯುತ್ತದೆ ಎಂಬ ಲೆಕ್ಕ. 1999ರ ಮಾರ್ಚ್‌ನಲ್ಲಿ ತೆರೆಯಿತು. ಅಷ್ಟು ಜನ ಬರಲಿಲ್ಲ. 2000ದಲ್ಲಿ ಬಾಗಿಲು ಹಾಕಿತು. ನಾಲ್ಕು ದೊಡ್ಡ ಸ್ಟೀಲ್ ಡ್ರಮ್ಮುಗಳಂತೆ ಕಾಣುವ ಆ ಕಟ್ಟಡ ಆಮೇಲೆ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಕೈಗೆ ಬಂತು. ಜನ ಎಷ್ಟು ಬರುತ್ತಾರೆ ಎಂಬ ಅಂದಾಜು ತಪ್ಪುವುದು ದೊಡ್ಡ ವಿಷಯವಲ್ಲ, ಎಲ್ಲರದ್ದೂ ತಪ್ಪುತ್ತದೆ. ತಪ್ಪಿದ ಮೇಲೆ ಕೇಂದ್ರವನ್ನು ಹಿಡಿದು ನಿಲ್ಲಿಸಲು ಬೇರೆ ಹಣವನ್ನೇ ಇಟ್ಟಿರಲಿಲ್ಲ. ನನ್ನ ಪ್ರಕಾರ ನಿಜವಾದ ದೋಷ ಅದು.

ಶೆಫೀಲ್ಡಿನಲ್ಲಿ ಹೋದದ್ದು ಹಣ ಮಾತ್ರ. ಬ್ರೆಜಿಲ್‌ನಲ್ಲಿ ಹೋದದ್ದನ್ನು ಮತ್ತೆ ಯಾರೂ ತಂದುಕೊಡಲಾರರು. ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯ 1818ರಲ್ಲಿ ಶುರುವಾದದ್ದು. ಒಂದು ಕಾಲದಲ್ಲಿ ರಾಜಮನೆತನ ವಾಸವಾಗಿದ್ದ ಅರಮನೆಯಲ್ಲಿ ಅದು ಇತ್ತು. ಸುಮಾರು 2 ಕೋಟಿ ವಸ್ತುಗಳಿದ್ದವು. ವರ್ಷದ ನಿರ್ವಹಣೆಗೆ ಮೀಸಲಾಗಿದ್ದದ್ದೇ ಚಿಕ್ಕ ಮೊತ್ತ, ಕೆಲವು ವರ್ಷಗಳಿಂದ ಅದೂ ಪೂರ್ತಿ ಬರುತ್ತಿರಲಿಲ್ಲ. ಡೈನೋಸಾರ್ ಇಟ್ಟಿದ್ದ ಕೋಣೆಗೆ ಗೆದ್ದಲು ಹತ್ತಿತು. ಕೋಣೆ ಮುಚ್ಚಬೇಕಾಯಿತು. ಅದನ್ನು ಮತ್ತೆ ತೆರೆಯಲು ಸಂಸ್ಥೆಯವರು ಇಂಟರ್‌ನೆಟ್‌ನಲ್ಲಿ ಜನರಿಂದ ಚಂದಾ ಎತ್ತಿದರು. ಒಂದು ದೇಶದ ರಾಷ್ಟ್ರೀಯ ಸಂಗ್ರಹಾಲಯ ಗೆದ್ದಲು ಬಿಡಿಸಲು ಚಂದಾ ಎತ್ತುವ ಸ್ಥಿತಿಗೆ ಬಂದಾಗಲೇ ಎಲ್ಲರೂ ಎಚ್ಚರವಾಗಬೇಕಿತ್ತು.

2018ರ ಜೂನ್‌ನಲ್ಲಿ, ಸಂಸ್ಥೆಗೆ 200 ವರ್ಷ ತುಂಬಿದ ಸಂದರ್ಭದಲ್ಲಿ, ಸರ್ಕಾರಿ ಅಭಿವೃದ್ಧಿ ಬ್ಯಾಂಕು 2.17 ಕೋಟಿ ರಿಯಾಲ್ ಕೊಡಲು ಒಪ್ಪಿತು. ಬೆಂಕಿ ತಡೆಯುವ ವ್ಯವಸ್ಥೆಯೂ ಅದರಲ್ಲಿ ಸೇರಿತ್ತು. ಹಣ ಕೈಗೆ ಬರುವ ಮೊದಲೇ, ಸೆಪ್ಟೆಂಬರ್ 2ರ ರಾತ್ರಿ, ಕಟ್ಟಡಕ್ಕೆ ಬೆಂಕಿ ಬಿತ್ತು. ಸಭಾಂಗಣದ ಏರ್ ಕಂಡೀಷನರ್‌ನಿಂದ ಶುರುವಾಯಿತು ಎಂದು ಪೊಲೀಸ್ ತನಿಖೆ ಹೇಳಿತು. ಬೆಂಕಿ ಹತ್ತಿದಾಗ ತಾನಾಗಿ ನೀರು ಚಿಮ್ಮುವ ವ್ಯವಸ್ಥೆ ಇರಲಿಲ್ಲ. ಹತ್ತಿರದ ನಲ್ಲಿಗಳಲ್ಲಿ ಬೇಕಾದಷ್ಟು ನೀರಿರಲಿಲ್ಲ, ಅಗ್ನಿಶಾಮಕದವರು ಪಕ್ಕದ ಉದ್ಯಾನದ ಕೊಳದಿಂದ ನೀರು ತರಬೇಕಾಯಿತು. ಸಂಗ್ರಹದ ಬಹುಪಾಲು ಸುಟ್ಟುಹೋಯಿತು. ಮೂಲನಿವಾಸಿಗಳ ಭಾಷೆಗಳ ಧ್ವನಿಮುದ್ರಣಗಳೂ ಹೋದವು. ಅವುಗಳಲ್ಲಿ ಕೆಲವು ಭಾಷೆಗಳನ್ನು ಮಾತಾಡುವವರು ಈಗ ಯಾರೂ ಉಳಿದಿಲ್ಲ. ಸುಮಾರು 11,500 ವರ್ಷ ಹಳೆಯ, ಲೂಜಿಯಾ ಎಂದು ಕರೆಯುವ ಮಹಿಳೆಯ ತಲೆಬುರುಡೆ ಬೂದಿಯಲ್ಲಿ ಚೂರುಚೂರಾಗಿ ಸಿಕ್ಕಿತು.

ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ. ಬೇಕಾಗಿದ್ದ ಹಣ ದೊಡ್ಡದೇನೂ ಆಗಿರಲಿಲ್ಲ.

ಮುಂದಿನ ವರ್ಷವೇ, 2019ರ ಏಪ್ರಿಲ್ 15ರಂದು, ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿಗೆ ಬೆಂಕಿ ಬಿತ್ತು. 1905ರ ಕಾನೂನಿನ ಪ್ರಕಾರ ಆ ಕಟ್ಟಡದ ಒಡೆಯ ಫ್ರಾನ್ಸ್ ಸರ್ಕಾರವೇ. ಬೆಂಕಿಗೆ ಮೊದಲು ಅದರ ನಿರ್ವಹಣೆಗೆ ಸರ್ಕಾರ ಕೊಡುತ್ತಿದ್ದದ್ದು ವರ್ಷಕ್ಕೆ ಸುಮಾರು 20 ಲಕ್ಷ ಯೂರೊ. ಕಲ್ಲು ಕಳಚುತ್ತಿದೆ, ಹೆಚ್ಚು ಬೇಕು ಎಂದು ಅಲ್ಲಿನವರು ವರ್ಷಗಟ್ಟಲೆ ಕೇಳುತ್ತಿದ್ದರು. ಬೆಂಕಿ ಬಿದ್ದ ಮೇಲೆ ಜಗತ್ತಿನ ಎಲ್ಲ ಕಡೆಯಿಂದ ಬಂದದ್ದು ಸುಮಾರು 84.6 ಕೋಟಿ ಯೂರೊ. 2024ರ ಡಿಸೆಂಬರ್‌ನಲ್ಲಿ ಅದು ಮತ್ತೆ ತೆರೆಯಿತು, ಕುಶಲಕರ್ಮಿಗಳ ಕೆಲಸ ನಿಜಕ್ಕೂ ಅದ್ಭುತ. ಆದರೆ ಆ ದಾನಿಗಳಲ್ಲಿ ಹೆಚ್ಚಿನವರು ಕಲ್ಲು ಕಳಚುವಾಗ ಬಂದಿರಲಿಲ್ಲ. ದುರಂತಕ್ಕೆ ಜನ ಕೊಡುತ್ತಾರೆ, ದಿನನಿತ್ಯದ ಆರೈಕೆಗೆ ಕೊಡುವುದು ಬಹಳ ಕಡಿಮೆ. ಆ ಕೆಲಸ ಸರ್ಕಾರದ್ದೇ ಎಂದು ನಾನು ನಂಬುವುದು ಇದೇ ಕಾರಣಕ್ಕೆ.

ಈ ಸಂಸ್ಥೆಗಳು ತಮ್ಮ ಕಾಲ ಮೇಲೆ ತಾವೇ ಏಕೆ ನಿಲ್ಲುವುದಿಲ್ಲ ಎಂದು ಅಧಿಕಾರಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ 1966ರಲ್ಲೇ ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವೆನ್ ಎಂಬ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ಕಾರ್ಖಾನೆಯಲ್ಲಿ ಯಂತ್ರ ಸುಧಾರಿಸಿದಂತೆ ಒಬ್ಬ ಕೆಲಸಗಾರ ಗಂಟೆಗೆ ಹೆಚ್ಚು ಸಾಮಾನು ಮಾಡುತ್ತಾನೆ. ಅವನ ಸಂಬಳ ಏರಿದರೂ ಒಂದೊಂದು ಸಾಮಾನಿನ ಬೆಲೆ ಏರಬೇಕಾಗಿಲ್ಲ. ಆದರೆ ನಾಲ್ವರು ನುಡಿಸಬೇಕಾದ ಸಂಗೀತಕೃತಿಗೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ ಬೇಕಿತ್ತು, ಈಗಲೂ ನಾಲ್ವರೇ ಬೇಕು. ಸಮಯವೂ ಅಷ್ಟೇ ಹಿಡಿಯುತ್ತದೆ. ಬೇಗ ನುಡಿಸಿ ಮುಗಿಸಿದರೆ ಉಳಿತಾಯ ಆಗುವುದಿಲ್ಲ, ಸಂಗೀತ ಹಾಳಾಗುತ್ತದೆ. ಹೊರಗಡೆ ಎಲ್ಲರ ಸಂಬಳ ಏರುವಾಗ ಇವರದ್ದೂ ಏರಲೇಬೇಕು. ಹಾಗಾಗಿ ಖರ್ಚು ಪ್ರತಿ ವರ್ಷ ಟಿಕೆಟ್ ಹಣಕ್ಕಿಂತ ಮುಂದೆ ಓಡುತ್ತದೆ. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ, ಆ ಕೆಲಸದ ಸ್ವಭಾವವೇ ಹಾಗೆ. ಪುಟಾಣಿ ಮಕ್ಕಳಿಗೆ ಈಜು ಕಲಿಸುವ ಕೋಚ್, ಹಳೆಯ ಭಿತ್ತಿಚಿತ್ರ ತೊಳೆಯುವ ಸಂರಕ್ಷಕಿ, ಇವರ ವಿಷಯವೂ ಹೀಗೆಯೇ. ಅನುದಾನ ಐದು ವರ್ಷ ಒಂದೇ ಮೊತ್ತದಲ್ಲಿ ನಿಂತಿದೆ ಅಂದರೆ ನಿಜದಲ್ಲಿ ಅದು ಐದು ವರ್ಷ ಕಡಿಮೆಯಾಗುತ್ತಾ ಬಂದಿದೆ.

ಕ್ರೀಡೆಯಲ್ಲಿ ನಡೆಸುವ ಹಣದ ಶಕ್ತಿ ಇನ್ನೂ ಚೆನ್ನಾಗಿ ಕಾಣುತ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬ್ರಿಟನ್‌ಗೆ ಸಿಕ್ಕಿದ್ದು ಒಂದೇ ಚಿನ್ನ. ಪದಕ ಪಟ್ಟಿಯಲ್ಲಿ 36ನೇ ಸ್ಥಾನ. 1997ರಿಂದ ಲಾಟರಿ ಹಣ ನೇರವಾಗಿ ಆಟಗಾರರ ಜೀವನ ವೆಚ್ಚಕ್ಕೆ, ಕೋಚ್‌ಗಳ ಸಂಬಳಕ್ಕೆ, ವೈದ್ಯಕೀಯ ನೆರವಿಗೆ ಹೋಗತೊಡಗಿತು. ಬೇರೆ ನೌಕರಿ ಮಾಡುತ್ತಾ ಸಂಜೆ ಅಭ್ಯಾಸ ಮಾಡುತ್ತಿದ್ದವರು ಪೂರ್ತಿ ದಿನ ಅಭ್ಯಾಸಕ್ಕೆ ಇಳಿದರು. 2016ರ ರಿಯೊದಲ್ಲಿ 27 ಚಿನ್ನ, ಎರಡನೇ ಸ್ಥಾನ. ಇಪ್ಪತ್ತು ವರ್ಷ ತಪ್ಪದೆ ಬಂದ ಹಣದ ಫಲ ಅದು.

ಆದರೆ ಆ ವ್ಯವಸ್ಥೆಯಲ್ಲಿ ಒಂದು ಕಠಿಣ ನಿಯಮ ಇತ್ತು. ಪದಕದ ಭರವಸೆ ಇದ್ದರೆ ಹಣ, ಇಲ್ಲದಿದ್ದರೆ ಇಲ್ಲ. ರಿಯೊದಲ್ಲಿ ಕಂಚು ಗೆದ್ದರೂ ಬ್ಯಾಡ್ಮಿಂಟನ್‌ನ ಅನುದಾನ ನಿಂತಿತು. ಗಾಲಿಕುರ್ಚಿ ರಗ್ಬಿಯದ್ದೂ ನಿಂತಿತು. ಆ ರಗ್ಬಿ ಆಟಗಾರರು ಜನರಿಂದ ಹಣ ಎತ್ತಿ ತಂಡವನ್ನು ಉಳಿಸಿಕೊಂಡರು, ಆಮೇಲೆ ಒಂದಷ್ಟು ನೆರವು ಮರಳಿತು. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಅದೇ ತಂಡ ಚಿನ್ನ ಗೆದ್ದಿತು. ಯಾವ ಆಟಕ್ಕೆ ಭವಿಷ್ಯ ಇದೆ ಎಂದು ಕಚೇರಿಯಲ್ಲಿ ಕುಳಿತು ಹೇಳುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಗೆದ್ದವರಿಗೆ ಜಾಸ್ತಿ ಕೊಡಿ, ನನ್ನ ತಕರಾರಿಲ್ಲ. ಆದರೆ ಯಾವ ಆಟವನ್ನೂ ಒಂದೇ ಸಹಿಯಲ್ಲಿ ಸೊನ್ನೆಗೆ ಇಳಿಸಬಾರದು. ಒಮ್ಮೆ ಚದುರಿದ ಕೋಚ್‌ಗಳನ್ನು ಮತ್ತೆ ಕೂಡಿಸುವುದಕ್ಕೆ ವರ್ಷಗಳೇ ಬೇಕು.

ಐಸ್‌ಲ್ಯಾಂಡ್ ಇದನ್ನು ಬೇರೆ ರೀತಿಯಲ್ಲಿ ಮಾಡಿತು. ಮೂರೂವರೆ ಲಕ್ಷದಷ್ಟೂ ಜನ ಇರದಿದ್ದ ಕಾಲದಲ್ಲಿ ಚಳಿಗೆ ತಕ್ಕಂತೆ ಒಳಾಂಗಣ ಫುಟ್‌ಬಾಲ್ ಅಂಗಳಗಳನ್ನು ಕಟ್ಟಿತು. ಅದರ ಜೊತೆಜೊತೆಗೇ ಕೋಚ್‌ಗಳಿಗೆ ತರಬೇತಿ ಕೊಡಿಸಿತು. ಪುಟ್ಟ ಮಕ್ಕಳಿಗೂ ಸಂಬಳ ಪಡೆಯುವ, ಪರವಾನಗಿ ಇರುವ ಕೋಚ್‌ಗಳೇ ಕಲಿಸುತ್ತಾರೆ. ಆ ದೇಶ 2016ರ ಯುರೋ ಕಪ್‌ನಲ್ಲಿ ಇಂಗ್ಲೆಂಡನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿತು. ಕೋಚ್‌ಗಳಿಲ್ಲದೆ ಅಂಗಳ ಮಾತ್ರ ಕಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ದೊಡ್ಡ ಕ್ರೀಡಾಂಗಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1976ರ ಒಲಿಂಪಿಕ್ಸ್‌ನ ಸಾಲವನ್ನು ಮಾಂಟ್ರಿಯಲ್ ತೀರಿಸಿ ಮುಗಿಸಿದ್ದು 2006ರಲ್ಲಿ, ಅದೂ ತಂಬಾಕಿನ ಮೇಲೆ ವಿಶೇಷ ತೆರಿಗೆ ಹಾಕಿ. ಲಂಡನ್ 2012ರಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಕಟ್ಟಿದ್ದ ಅಂಗಳವನ್ನು ಬಿಚ್ಚಿ ತೆಗೆಯಲೆಂದೇ ಕಟ್ಟಿತು, ಕೂಟ ಮುಗಿದ ಮೇಲೆ ಬಿಚ್ಚಿತು. ನಡೆಸಲು ಆಗದ್ದನ್ನು ಉಳಿಸಿಕೊಳ್ಳದಿರುವುದೂ ಒಂದು ಒಳ್ಳೆಯ ನೀತಿ.

ಪರಂಪರೆ ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ಕಲ್ಲು, ಮರ. ಜಪಾನ್ 1950ರಲ್ಲಿ ಮಾಡಿದ ಕಾನೂನಿಗೆ 1954ರಲ್ಲಿ ತಿದ್ದುಪಡಿ ತಂದು, ಅಪರೂಪದ ಕಲೆ, ಕಸುಬು ಬಲ್ಲ ವ್ಯಕ್ತಿಗಳನ್ನೇ ಗುರುತಿಸಲು ಶುರುಮಾಡಿತು. ಜನ ಅವರನ್ನು ಜೀವಂತ ರಾಷ್ಟ್ರೀಯ ನಿಧಿ ಎಂದು ಕರೆಯುತ್ತಾರೆ. ಅವರಿಗೆ ವರ್ಷಕ್ಕೆ 20 ಲಕ್ಷ ಯೆನ್ ಸಿಗುತ್ತದೆ. ಅದನ್ನು ಸನ್ಮಾನದ ಹಣ ಎಂದುಕೊಳ್ಳಬಾರದು. ಕಲೆಯನ್ನು ಮಾಗಿಸಿಕೊಳ್ಳಬೇಕು, ಮುಂದಿನವರಿಗೆ ಕಲಿಸಬೇಕು ಎಂಬ ಉದ್ದೇಶಕ್ಕೆ ಕೊಡುವ ಹಣ ಅದು. ಒಬ್ಬ ಹಿರಿಯ ಕಲಾವಿದರಿಗೆ ಒಂದು ದಿನ ಶಾಲು ಹೊದಿಸುವ ಖರ್ಚಿಗಿಂತ ಅವರ ಬಳಿ ಇಬ್ಬರು ಶಿಷ್ಯರು ಐದು ವರ್ಷ ಕಲಿಯುವ ಖರ್ಚು ಹೆಚ್ಚು, ನಿಜ. ಆದರೆ ಕಲೆ ಉಳಿಯುವುದು ಎರಡನೆಯದರಿಂದ.

ಹಣ ಎಷ್ಟು ಎಂಬುದರಷ್ಟೇ ಎಷ್ಟು ಕಾಲಕ್ಕೆ ಎಂಬುದೂ ಮುಖ್ಯ. ಬ್ರಿಟನ್ನಿನಲ್ಲಿ 1946ರಲ್ಲಿ ಕಲಾ ಮಂಡಳಿ ಹುಟ್ಟಿದಾಗಿನಿಂದ ಒಂದು ಪದ್ಧತಿ ಇದೆ. ಸರ್ಕಾರ ಮಂಡಳಿಗೆ ಹಣ ಕೊಡುತ್ತದೆ, ಯಾವ ನಾಟಕಕ್ಕೆ, ಯಾವ ತಂಡಕ್ಕೆ ಎಂದು ಮಂತ್ರಿ ಹೇಳುವುದಿಲ್ಲ. ಈಗ ಇಂಗ್ಲೆಂಡಿನ ಮಂಡಳಿ ಆಯ್ದ ಸಂಸ್ಥೆಗಳಿಗೆ ಒಂದೇ ಸಲ ಮೂರು ನಾಲ್ಕು ವರ್ಷದ ಮಾತು ಕೊಡುತ್ತದೆ. ವರ್ಷ ವರ್ಷ ಅರ್ಜಿ ಹಾಕುವ ರಂಗತಂಡ ಒಳ್ಳೆಯ ಲೆಕ್ಕಿಗನನ್ನು ಇಟ್ಟುಕೊಳ್ಳಲಾರದು, ಮುಂದಿನ ವರ್ಷದ ನಟರಿಗೆ ಮಾತು ಕೊಡಲಾರದು. ಕೊನೆಯ ತಿಂಗಳಲ್ಲಿ ಹಣ ಬಂದರೆ ಅದನ್ನು ಖರ್ಚು ತೋರಿಸಲು ಬೇಡದ್ದನ್ನೆಲ್ಲ ಕೊಳ್ಳಬೇಕಾಗುತ್ತದೆ. ನಾನು ನೋಡಿದ ಪೋಲು ಖರ್ಚಿನಲ್ಲಿ ಹೆಚ್ಚಿನದು ಕಳ್ಳತನದಿಂದ ಆದದ್ದಲ್ಲ, ತಡವಾಗಿ ಬಂದ ಹಣದಿಂದ ಆದದ್ದು.

ನೆದರ್‌ಲ್ಯಾಂಡ್ಸ್‌ನಲ್ಲಿ 1973ರಲ್ಲಿ ಶುರುವಾದ ಮಾನುಮೆಂಟನ್‌ವಾಖ್ಟ್ ಎಂಬ ವ್ಯವಸ್ಥೆ ನನಗೆ ತುಂಬಾ ಇಷ್ಟ. ಹಳೆಯ ಕಟ್ಟಡದ ಮಾಲೀಕರು ಸ್ವಲ್ಪ ಹಣ ಕೊಟ್ಟು ಸದಸ್ಯರಾಗುತ್ತಾರೆ, ಪ್ರಾಂತೀಯ ಸರ್ಕಾರ ಒಂದಷ್ಟು ಸೇರಿಸುತ್ತದೆ. ತರಬೇತಿ ಪಡೆದ ಪರಿಶೀಲಕರು ನಿಯಮಿತವಾಗಿ ಬಂದು ಚಾವಣಿ ಹತ್ತಿ ನೋಡುತ್ತಾರೆ. ಮಳೆನೀರಿನ ದೋಣಿಯಲ್ಲಿ ಎಲೆ ಕಟ್ಟಿದ್ದರೆ ತೆಗೆಯುತ್ತಾರೆ, ಜಾರಿದ ಹೆಂಚನ್ನು ಅಲ್ಲೇ ಸರಿ ಮಾಡುತ್ತಾರೆ. ಯಾವುದು ತುರ್ತು, ಯಾವುದು ಕಾಯಬಹುದು ಎಂದು ವರದಿ ಬರೆದು ಕೊಡುತ್ತಾರೆ. ಹಳೆಯ ಕಟ್ಟಡಗಳಿಗೆ ದೊಡ್ಡ ಶತ್ರು ನೀರು. ಅದು ಒಳಗೆ ಬರುವುದು ಇಂಥ ಸಣ್ಣ ಜಾಗಗಳಿಂದಲೇ.

ಅದಕ್ಕೇ ನಾನು ಸಲಹೆ ಕೊಡುವ ಪ್ರತಿ ಅನುದಾನದ ಒಪ್ಪಂದದಲ್ಲಿ ಎರಡು ಷರತ್ತು ಸೇರಿಸಲು ಕೇಳುತ್ತೇನೆ. ಕಟ್ಟುವ ಹಣದ ಒಂದು ಪಾಲನ್ನು ನಿರ್ವಹಣೆಗೆಂದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು, ಕಾಮಗಾರಿ ಖರ್ಚು ಏರಿದರೂ ಆ ಖಾತೆಗೆ ಕೈ ಹಾಕುವಂತಿಲ್ಲ. ಎರಡನೆಯದು, ಹೊರಗಿನ ಪರಿಶೀಲಕರು ವರ್ಷಕ್ಕೊಮ್ಮೆ ಚಾವಣಿಯಿಂದ ನೆಲಮಾಳಿಗೆಯವರೆಗೆ ನೋಡಿ ಬರೆದ ವರದಿ ಕೈಗೆ ಬರದೆ ಮುಂದಿನ ಕಂತು ಬಿಡುಗಡೆ ಆಗಬಾರದು. ಮೊದಲನೇ ಷರತ್ತಿಗೆ ಸಾಮಾನ್ಯವಾಗಿ ವಿರೋಧ ಬರುತ್ತದೆ, ಕಟ್ಟಡ ಚಿಕ್ಕದಾಗುತ್ತದೆ ಎಂದು. ಚಿಕ್ಕದಾಗಲಿ ಎಂದೇ ನಾನು ಹೇಳುವುದು.