ಶುಗರ್ ಇಳಿದಾಗ ಕೀಟೋನ್ ಕೈಹಿಡಿಯುತ್ತದೆಯೇ?

“ಡಾಕ್ಟ್ರೇ, ನಾನು ಕೀಟೋ ಡಯಟ್ ಮಾಡ್ತಿದ್ದೀನಿ. ಶುಗರ್ ಐವತ್ತಕ್ಕೆ ಇಳಿದ್ರೂ ಮೆದುಳಿಗೆ ಕೀಟೋನ್ ಇರುತ್ತಲ್ಲ?” ಕೀಟೋ ಎಂದರೆ ಕಾರ್ಬೋಹೈಡ್ರೇಟ್ ತೀರಾ ಕಡಿಮೆ, ಕೊಬ್ಬು ಹೆಚ್ಚು ತಿನ್ನುವ ಪಥ್ಯ; ಕೀಟೋನ್ ಎಂದರೆ ಕೊಬ್ಬಿನಿಂದ ಲಿವರ್ ತಯಾರಿಸುವ ಇಂಧನ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಮಾತ್ರೆ ನುಂಗುವವರು ಇದನ್ನು ಎಷ್ಟು ಧೈರ್ಯವಾಗಿ ಕೇಳುತ್ತಾರೆಂದರೆ, ಕೇಳಿಸಿಕೊಳ್ಳುವವರ ಎದೆ ಧಸಕ್ಕೆನ್ನುತ್ತದೆ. ಇರುವುದಿಲ್ಲ. ಬೇಕಾದ ಹೊತ್ತಿಗೆ, ಬೇಕಾದಷ್ಟು ಇರುವುದಿಲ್ಲ.

ಮೆದುಳು ಕೀಟೋನ್ ಬಳಸುತ್ತದೆ ಎಂಬುದರಲ್ಲಿ ತಕರಾರಿಲ್ಲ. ಮಾಮೂಲು ದಿನದಲ್ಲಿ ಅದಕ್ಕೆ 100ರಿಂದ 120 ಗ್ರಾಂ ಗ್ಲೂಕೋಸ್ ಬೇಕು. ದಿನಗಟ್ಟಲೆ ಊಟವಿಲ್ಲದಿದ್ದಾಗ ಲಿವರ್ ಕೊಬ್ಬಿನಾಮ್ಲಗಳಿಂದ ಅಸಿಟೋಅಸಿಟೇಟ್ ಮತ್ತು ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್‌ಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅವನ್ನು ಉರಿಸುವ ಕಿಣ್ವ ಲಿವರ್‌ನಲ್ಲೇ ಇಲ್ಲ, ಹಾಗಾಗಿ ಮಾಡಿದ್ದೆಲ್ಲ ಬೇರೆ ಅಂಗಗಳಿಗೆ. ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು 1967ರಲ್ಲಿ ಐದಾರು ವಾರ ಉಪವಾಸವಿದ್ದ ಸ್ಥೂಲಕಾಯರನ್ನು ಪರೀಕ್ಷಿಸಿದಾಗ, ಮೆದುಳಿನ ಇಂಧನದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಕೀಟೋನ್‌ನಿಂದಲೇ ಬರುತ್ತಿತ್ತು. ಐದಾರು ವಾರ ಎಂಬುದನ್ನು ಗಮನಿಸಿ. ಆಗಲೂ ಉಳಿದ ಪಾಲು ಗ್ಲೂಕೋಸಿನದೇ.

ಜನ ತಪ್ಪು ತಿಳಿಯುವುದು ಎಲ್ಲಿ ಎಂದರೆ, ಗ್ಲೂಕೋಸ್ ಕಡಿಮೆಯಾದ ಕೂಡಲೇ ಮೆದುಳು ತಾನೇ ಸ್ವಿಚ್ ಹಾಕಿಕೊಳ್ಳುತ್ತದೆ ಎಂದುಕೊಳ್ಳುವುದರಲ್ಲಿ. ಅಂಥ ಸ್ವಿಚ್ಚಿಲ್ಲ. ರಕ್ತದಲ್ಲಿ ಕೀಟೋನ್ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಮೆದುಳು ಎಳೆದುಕೊಳ್ಳುತ್ತದೆ, ಅಷ್ಟೆ. ರಕ್ತದಲ್ಲಿ ಎಷ್ಟಿರಬೇಕೆಂದು ತೀರ್ಮಾನಿಸುವುದು ಮುಖ್ಯವಾಗಿ ಇನ್ಸುಲಿನ್. ಅದು ತಗ್ಗಿದರೆ ಮಾತ್ರ ಕೊಬ್ಬು ಕರಗಿ ಲಿವರ್‌ಗೆ ಬರುತ್ತದೆ. ಏರಿದರೆ ಕೊಬ್ಬು ಕರಗುವುದೂ ನಿಲ್ಲುತ್ತದೆ, ಲಿವರ್‌ನ ಕೀಟೋನ್ ತಯಾರಿಯೂ ನಿಲ್ಲುತ್ತದೆ. ಈಗ ಯೋಚಿಸಿ: ನಿಮ್ಮ ಶುಗರ್ ಐವತ್ತಕ್ಕೆ ಇಳಿದದ್ದು ಯಾಕೆ? ಇನ್ಸುಲಿನ್ ಹೆಚ್ಚಾಗಿದ್ದರಿಂದ. ಗ್ಲಿಮೆಪಿರೈಡ್ ಮಾಡುವುದೂ ಇದನ್ನೇ, ನಿಮ್ಮ ಮೇದೋಜೀರಕದಿಂದಲೇ ಇನ್ಸುಲಿನ್ ಹೊರಡಿಸುತ್ತದೆ. ಒಂದೇ ಕೈ ಎರಡೂ ನಲ್ಲಿಗಳನ್ನು ತಿರುಗಿಸಿ ನಿಲ್ಲಿಸಿದಂತೆ. ಉಪವಾಸದಲ್ಲಿ ಶುಗರ್ ತಗ್ಗುವುದು ಬೇರೆ, ಔಷಧಿಯಿಂದ ತಗ್ಗುವುದು ಬೇರೆ. ಮೀಟರ್ ಎರಡರಲ್ಲೂ ಒಂದೇ ಅಂಕಿ ತೋರಿಸಬಹುದು.

ಇದರ ಕ್ರೂರ ಉದಾಹರಣೆ ಹುಟ್ಟಿನಿಂದಲೇ ಇನ್ಸುಲಿನ್ ಅತಿಯಾಗಿ ಸ್ರವಿಸುವ ನವಜಾತ ಶಿಶುಗಳು. ಸಾಮಾನ್ಯ ಹಸುಗೂಸು ಕೀಟೋನ್ ಬಳಸುವುದರಲ್ಲಿ ನಿಸ್ಸೀಮ. ಈ ಶಿಶುಗಳಲ್ಲಿ ಗ್ಲೂಕೋಸೂ ಇಲ್ಲ, ಕೀಟೋನೂ ಇಲ್ಲ. ಮೆದುಳಿಗೆ ಪೆಟ್ಟು ಬೀಳುವುದು ಅದಕ್ಕೇ.

1972ರ ಡ್ರೆನಿಕ್ ಪ್ರಯೋಗವನ್ನು ಮೊಬೈಲಲ್ಲಿ ತೋರಿಸಿ ವಾದಕ್ಕಿಳಿಯುವವರೂ ಇದ್ದಾರೆ: ಇನ್ಸುಲಿನ್ ಕೊಟ್ಟು ಗ್ಲೂಕೋಸನ್ನು 9 ಮಿ.ಗ್ರಾಂವರೆಗೆ ಇಳಿಸಿದರೂ ಲಕ್ಷಣ ಕಾಣಲಿಲ್ಲ ಎಂದು. ನಿಜ. ಆ ಪ್ರಯೋಗಕ್ಕೆ ಒಳಗಾದವರು ಎರಡು ತಿಂಗಳು ಉಪವಾಸವಿದ್ದು, ಇನ್ಸುಲಿನ್ ಕೊಡುವ ಮೊದಲೇ ರಕ್ತದಲ್ಲಿ ಕೀಟೋನ್ ತುಂಬಿಕೊಂಡಿದ್ದವರು, ಅದೂ ವೈದ್ಯರ ಕಣ್ಣೆದುರಿನಲ್ಲಿ. ಪಥ್ಯ ಶುರುಮಾಡಿ ಹದಿನೈದು ದಿನವಾದವರ ಕೀಟೋನ್ ಬಹುತೇಕ 1 ಮಿಲಿಮೋಲ್ ಆಸುಪಾಸಿನಲ್ಲಿರುತ್ತದೆ. ಇನ್ಸುಲಿನ್ ಏರಿದ ಮೇಲೆ ಅದೂ ಇಳಿಯತೊಡಗುತ್ತದೆ.

ಆದ್ದರಿಂದ, ಕೀಟೋ ಇರಲಿ ಬಿಡಲಿ, 70ಕ್ಕಿಂತ ಕಡಿಮೆಯಾದರೆ 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಯಿರಿ. 15 ನಿಮಿಷ ಬಿಟ್ಟು ಪರೀಕ್ಷಿಸಿ, ಏರದಿದ್ದರೆ ಮತ್ತೆ ಅಷ್ಟೇ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ಹೀರುವುದನ್ನು ನಿಧಾನಿಸುತ್ತದೆ. ‘ಕೀಟೋ ಕೆಡುತ್ತದೆ’ ಎಂದು ಸಕ್ಕರೆ ಬಿಟ್ಟು ಅಡುಗೆ ಎಣ್ಣೆ ಕುಡಿಯುವವರಿಗೆ ಏನು ಹೇಳುವುದೋ ತಿಳಿಯದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. ಇನ್ನೊಂದು ವಿಷಯ: ಶುಗರ್ ತೀರಾ ಇಳಿದಾಗ ಏರಿಸಲು ಕೊಡುವ ಗ್ಲುಕಗಾನ್ ಇಂಜೆಕ್ಷನ್ ಕೆಲಸ ಮಾಡುವುದು ಲಿವರ್‌ನ ಗ್ಲೈಕೋಜನ್, ಅಂದರೆ ಕೂಡಿಟ್ಟ ಗ್ಲೂಕೋಸ್, ಕರಗಿಸಿ. ಕಾರ್ಬೋಹೈಡ್ರೇಟ್ ತೀರಾ ಕಡಿಮೆ ತಿನ್ನುವವರಲ್ಲಿ ಆ ದಾಸ್ತಾನೇ ಕಡಿಮೆ. ಇಂಜೆಕ್ಷನ್ನಿನ ಪರಿಣಾಮವೂ ಕುಗ್ಗಬಹುದು. ಹಾಗಾಗಿ ಔಷಧಿಯ ಡೋಸ್ ಬದಲಾಯಿಸಬೇಕಾದದ್ದು ಪಥ್ಯ ಹಿಡಿಯುವ ಮೊದಲು, ಬಿದ್ದ ಮೇಲಲ್ಲ. ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಟೈಪ್ 1ರವರು ಇನ್ಸುಲಿನ್ ಪೂರ್ತಿ ನಿಲ್ಲಿಸುವ ಮಾತೇ ಇಲ್ಲ.

ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಡ್ಯಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರ ಸಮಸ್ಯೆ ತಿರುಗುಮುರುಗು: ಶುಗರ್ 180 ಇದ್ದರೂ ಕೀಟೋನ್ ಅಪಾಯದ ಮಟ್ಟಕ್ಕೇರಿ ರಕ್ತ ಆಮ್ಲೀಯವಾಗಬಹುದು. ಈ ಮಾತ್ರೆಯ ಜೊತೆ ಕೀಟೋ ಪಥ್ಯವನ್ನು ವೈದ್ಯರನ್ನು ಕೇಳದೆ ಶುರುಮಾಡಬೇಡಿ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಬೆರಳಿನ ರಕ್ತದಿಂದ ಕೀಟೋನ್ ನೋಡಿ: 1.5 ಮಿಲಿಮೋಲ್ ದಾಟಿದರೆ ವೈದ್ಯರಿಗೆ ಫೋನ್ ಮಾಡಿ, 3 ಮುಟ್ಟಿದರೆ ನೇರ ಆಸ್ಪತ್ರೆಗೆ. ಮೀಟರ್ ಇಲ್ಲದಿದ್ದರೆ ಕಾಯದೆ ಹೊರಡಿ. ಮೂತ್ರದ ಪಟ್ಟಿ ಅಸಿಟೋಅಸಿಟೇಟನ್ನು ಮಾತ್ರ ಗುರುತಿಸುತ್ತದೆ. ಈ ಸ್ಥಿತಿಯಲ್ಲಿ ರಕ್ತ ತುಂಬಿರುವುದು ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್. ಪಟ್ಟಿಯ ಬಣ್ಣ ತೆಳುವಾಗಿದೆ ಎಂದು ಮನೆಯಲ್ಲೇ ಕೂರಬೇಡಿ.